ಬಾಣಂತಿ ಕೋಣೆಯ ಆಸ್ಪತ್ರೆ

ನಾನು ಚಿಕ್ಕವಳಿದ್ದಾಗ ನಮ್ಮ ಮನೆ ಚಾಮರಾಜಪೇಟೆಯ ಒಂದು ವಠಾರದಲ್ಲಿತ್ತು. ಉದ್ದನೆಯ ಓಣಿ, ಎರಡೂ ಕಡೆ ಮೂರು ಮೂರು ಮನೆ, ಕೊನೆಯಲ್ಲಿ ಎಲ್ಲರಿಗೂ ಸೇರಿದ ಒಂದು ನಲ್ಲಿ. ನನಗಾಗ ಐದು ವರ್ಷ, ಅಕ್ಕನಿಗೆ ಹನ್ನೆರಡು. ನಾನೀಗ ಹೇಳುವುದು ಬೇಸಿಗೆ ರಜೆಯ ಒಂದು ದಿನದ ಮಾತು. ಅವತ್ತು ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತು, ಅಪ್ಪ ಸೈಕಲ್ಲಿಗೆ ಗಾಳಿ ಹೊಡೆದರು, ಅಮ್ಮ ಉಪ್ಪಿಟ್ಟು ಮಾಡಿದಳು. ನಮ್ಮ ಮನೆಯಲ್ಲಿ ಅಂಥ ಬೆಳಗು ಅದೇ ಕೊನೆಯದು.

ಮಕ್ಕಳೇ, ಅಕ್ಕ ಎಂದರೆ ನಿಮ್ಮ ದೊಡ್ಡಜ್ಜಿ. ಹೋದ ತಿಂಗಳು ತೀರಿಕೊಂಡಳಲ್ಲ, ಅವಳೇ. ಅವಳಿದ್ದಿದ್ದರೆ ಇದನ್ನೆಲ್ಲ ನನಗಿಂತ ಚೆನ್ನಾಗಿ ಹೇಳುತ್ತಿದ್ದಳು. ಇದರಲ್ಲಿ ನನಗೆ ನೆನಪಿರುವುದು ಅರ್ಧ, ಅವಳು ಹೇಳಿ ಹೇಳಿ ನನ್ನದಾದದ್ದು ಇನ್ನರ್ಧ. ಯಾವುದು ಯಾವುದೆಂದು ಬಿಡಿಸಿ ನೋಡುವ ಶಕ್ತಿ ಈಗ ನನಗಿಲ್ಲ.

ಅಪ್ಪ ಹತ್ತಿರದಲ್ಲೇ ಇದ್ದ ಒಬ್ಬ ಡಾಕ್ಟರ ಶಾಪಿನಲ್ಲಿ ಕಾಂಪೌಂಡರ್ ಆಗಿದ್ದರು. ಎಂದರೆ ಡಾಕ್ಟರು ಬರೆದ ಚೀಟಿ ನೋಡಿ ಔಷಧಿ ಬೆರೆಸಿ ಕೊಡುವವರು. ಅವರ ಅಂಗಿಯಿಂದ ಯಾವಾಗಲೂ ಸೋಂಪಿನ ನೀರಿನ ಹಾಗೆ ಒಂದು ವಾಸನೆ ಬರುತ್ತಿತ್ತು. ಆಗ ಬಾಟಲಿಗಳನ್ನು ಜನ ಮನೆಯಿಂದಲೇ ತರುತ್ತಿದ್ದರು. ಅಪ್ಪ ಅದಕ್ಕೆ ಕೆಂಪು ಮಿಕ್ಸ್ಚರ್ ತುಂಬಿ, ಪಕ್ಕದಲ್ಲಿ ಒಂದು ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಪಟ್ಟಿಯ ಅಂಚಿನಲ್ಲಿ ಗರಗಸದ ಹಲ್ಲಿನ ಹಾಗೆ ಕಚ್ಚುಗಳು. ಒಂದು ಹೊತ್ತಿಗೆ ಒಂದು ಕಚ್ಚಿನಷ್ಟು ಔಷಧಿ ಇಳಿಯಬೇಕು, ಅದು ಲೆಕ್ಕ. ಆ ಪಟ್ಟಿಗಳನ್ನು ಸಂಜೆ ಹೊತ್ತು ಮನೆಯಲ್ಲಿ ಅಮ್ಮ ಮಡಿಸಿ ಕೊಡುತ್ತಿದ್ದಳು, ಅಕ್ಕ ಕತ್ತರಿಸುತ್ತಿದ್ದಳು. ಕೆಳಗೆ ಬಿದ್ದ ಚೂರುಗಳು ನನಗೆ.

ಆ ಬೇಸಿಗೆ ಅಮ್ಮ ತುಂಬು ಬಸುರಿ. ನಡೆಯುವಾಗ ಒಂದು ಕೈಯನ್ನು ಸೊಂಟದ ಮೇಲಿಟ್ಟುಕೊಳ್ಳುತ್ತಿದ್ದಳು. ಅವಳನ್ನು ತವರಿಗೆ ಕರೆದುಕೊಂಡು ಹೋಗಲು ಹಿಂದಿನ ದಿನವೇ ಅಜ್ಜ ಊರಿನಿಂದ ಬಂದಿದ್ದರು. ಊರು ಮಾಗಡಿ ರಸ್ತೆಯಲ್ಲಿ ಬಸ್ಸಿಳಿದು, ಮತ್ತೆ ಎತ್ತಿನ ಗಾಡಿಯಲ್ಲಿ ಒಂದು ಗಂಟೆ ಹೋಗಬೇಕಾದ ಹಳ್ಳಿ. ಬೇರೆಯವರ ಮನೆಗಳಲ್ಲಿ ಮೊದಲ ಹೆರಿಗೆ ಮಾತ್ರ ತವರಿನಲ್ಲಿ. ಅಜ್ಜನ ಮನೆಯಲ್ಲಿ ಹಾಗಲ್ಲ, ಹೆಣ್ಣುಮಕ್ಕಳ ಎಲ್ಲ ಹೆರಿಗೆಗಳೂ ಅಲ್ಲೇ ಆಗಬೇಕು. ಅದಕ್ಕೆಂದೇ ಪಡಸಾಲೆಯ ಪಕ್ಕ ಒಂದು ಕೋಣೆ ಇತ್ತು. ಬಾಣಂತಿ ಕೋಣೆ ಎಂದೇ ಅದರ ಹೆಸರು. ಅಕ್ಕ ಹುಟ್ಟಿದ್ದು ಅಲ್ಲಿ, ನಾನು ಹುಟ್ಟಿದ್ದೂ ಅಲ್ಲಿ, ಒಂದೇ ಸೂಲಗಿತ್ತಿಯ ಕೈಯಲ್ಲಿ.

ಉಪ್ಪಿಟ್ಟಿನ ತಟ್ಟೆ ಮುಂದಿಟ್ಟುಕೊಂಡು ಅಪ್ಪ ಮೆಲ್ಲಗೆ ಮಾತು ತೆಗೆದರು.

“ಮಾವ, ಈ ಸಲ ಇಲ್ಲೇ ಇರ್ಲಿ ಅಂತ ನನ್ನ ಮನಸ್ಸು. ದೊಡ್ಡಾಸ್ಪತ್ರೆ ನಡ್ಕೊಂಡ್ ಹೋದ್ರೂ ಹತ್ತು ನಿಮಿಷ.”

ಅಜ್ಜ ಹಣೆಯ ವಿಭೂತಿ ಅಳಿಸದ ಹಾಗೆ ಟವೆಲಿನಲ್ಲಿ ಬೆವರು ಒತ್ತಿಕೊಂಡರು. “ಅಳಿಯಂದಿರೇ, ನೀವು ಔಸ್ದಿ ಕಲ್ಸೋರು, ನಿಮ್ಗೆ ಆಸ್ಪತ್ರೆ ಮ್ಯಾಲೆ ಮನಸು. ಮಗಳ ಹೆರಿಗೇನ ಅಳಿಯನ ಮನೇಗೆ ಬಿಟ್ಬುಟ್ಟ ಅಂತ ಊರಲ್ಲಿ ನಾಕು ಜನ ಅಂದ್ರೆ, ನಾನು ತಲೆ ಎತ್ಕೊಂಡು ಓಡಾಡೋದೆಂಗೆ?”

ಬಾಗಿಲಲ್ಲಿ ನಿಂತಿದ್ದ ವಠಾರದ ಅತ್ತೆ ನಡುವೆ ಬಾಯಿ ಹಾಕಿದರು. ಅವರು ನಮಗೆ ನೆಂಟರಲ್ಲ, ಎದುರು ಮನೆಯವರು. ಆದರೆ ನಮಗೆಲ್ಲ ಅತ್ತೆಯೇ. “ಅವ್ರು ಹೇಳೋದೂ ಸರೀನೇ. ಬಾಣಂತಿಗೆ ಎಣ್ಣೆ ಒತ್ತೋರು ಯಾರು, ನೀವಾ? ಇವ್ರು ಒತ್ತಿದ್ರೆ ಮಗೂಗೂ ಒಂದು ಪಟ್ಟಿ ಅಂಟ್ಸಿ, ದಿನಕ್ಕೆ ಮೂರು ಸಲ ಅಂತ ಬರೀತಾರೆ!”

ಎಲ್ಲರೂ ನಕ್ಕರು. ಅಪ್ಪನೂ ನಕ್ಕರು. ಆ ನಗುವಿನಲ್ಲಿ ಅವರ ಮಾತು ಮುಗಿದುಹೋಯಿತು. ಮುಂದೆ ಎಷ್ಟೋ ವರ್ಷ ಅಪ್ಪ ತಟ್ಟೆಯ ಮುಂದೆ ಕೂತು ತುತ್ತನ್ನು ಕೈಯಲ್ಲೇ ಹಿಡಿದುಕೊಂಡುಬಿಡುತ್ತಿದ್ದರು. ಆ ನಗುವಿನದೇ ನೆನಪಿರಬೇಕು ಎಂದು ನನಗೆ ಅನ್ನಿಸುತ್ತಿತ್ತು.

ಅಡುಗೆ ಮನೆಯಿಂದ ಅಮ್ಮ ಕೇಳಿದಳು, “ನನ್ನನ್ನ ಯಾರೂ ಒಂದ್ಮಾತು ಕೇಳ್ಬಾರ್ದಾ?”

“ಏನವ್ವಾ, ಯೋಳು,” ಎಂದರು ಅಜ್ಜ.

“ನಂಗೆ ಎಲ್ಲಾದ್ರೂ ಸರಿ. ಹೋಗೋಕ್ಮುಂಚೆ ಒಂದು ಫೋಟೋ ತೆಗಿಸ್ಬೇಕು, ಅಷ್ಟೇ.”

ಅಮ್ಮನಿಗೆ ಒಂದು ಆಸೆ ಇತ್ತು. ಆಗ ಬೆಂಗಳೂರಿನಲ್ಲಿ ಬಸುರಿ ಹೆಂಗಸರು ಮೊಗ್ಗಿನ ಜಡೆ ಹಾಕಿಸಿಕೊಂಡು ಸ್ಟುಡಿಯೋಗೆ ಹೋಗುತ್ತಿದ್ದರು. ಹಿಂದೆ ಕನ್ನಡಿ ಇಟ್ಟು, ಮುಖವೂ ಜಡೆಯೂ ಒಂದೇ ಪಟದಲ್ಲಿ ಬೀಳುವ ಹಾಗೆ ತೆಗೆಯುತ್ತಿದ್ದರು. ವಠಾರದ ಎಲ್ಲ ಮನೆಗಳ ಗೋಡೆಯ ಮೇಲೂ ಅಂಥದೊಂದು ಪಟ ಇತ್ತು. ನಮ್ಮ ಮನೆಯಲ್ಲಿ ಇರಲಿಲ್ಲ. ಅಕ್ಕನ ಹೊತ್ತಿನಲ್ಲೂ ನನ್ನ ಹೊತ್ತಿನಲ್ಲೂ ಅಮ್ಮ ಬೇಗ ಊರಿಗೆ ಹೋಗಿಬಿಟ್ಟಿದ್ದಳು, ಅಲ್ಲಿ ಸ್ಟುಡಿಯೋ ಎಲ್ಲಿಂದ ಬರಬೇಕು? ಮದುವೆಯಲ್ಲೂ ಪಟ ತೆಗೆದಿರಲಿಲ್ಲ. ಎಂದರೆ ಅಲ್ಲಿಯವರೆಗೆ ಅಮ್ಮನ ಒಂದೇ ಒಂದು ಫೋಟೋ ಕೂಡ ಇರಲಿಲ್ಲ.

ಅತ್ತೆ ನಸುಕಿನಲ್ಲೇ ಮಾರ್ಕೆಟ್ಟಿಗೆ ಹೋಗಿ ಮಲ್ಲಿಗೆ ಮೊಗ್ಗು ತಂದಿದ್ದರು. ಒದ್ದೆ ಬಟ್ಟೆಯ ಗಂಟು ಬಿಚ್ಚಿದಾಗ ಇಡೀ ಓಣಿ ತಂಪಾಯಿತು. ಬಾಳೆಯ ಪಟ್ಟೆಯನ್ನು ಉದ್ದಕ್ಕೆ ಸೀಳಿ, ಅದರ ಮೇಲೆ ಸೂಜಿಯಲ್ಲಿ ಮೊಗ್ಗುಗಳನ್ನು ಸಾಲಾಗಿ ಹೊಲಿದರು. ನಡುನಡುವೆ ಕನಕಾಂಬರ. ಮೊಗ್ಗು ಅರಳಿಬಿಟ್ಟರೆ ಕೆಟ್ಟಿತು ಎಂದು ಅತ್ತೆಗೆ ಅವಸರ. ನಾನು ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತು ನೋಡಿದೆ. ನೋಡುತ್ತ ನೋಡುತ್ತ ಆ ಜಡೆ ನನಗೇ ಬೇಕು ಅನ್ನಿಸಿತು. ಅಳಲು ಶುರು ಮಾಡಿದೆ.

“ಬಸ್ರೀರಿಗೆ ಹಾಕೋ ಜಡೆ ಕಣೇ ಅದು,” ಎಂದು ಅಕ್ಕ ರೇಗಿದಳು. “ನಿನ್ನ ಹೊಟ್ಟೇಲಿ ಮಗು ಇದ್ಯಾ?”

“ಇದೆ!” ಎಂದೆ.

ಅತ್ತೆ ನಗುತ್ತ ಸೂಜಿಯನ್ನು ಬೆರಳಿಗೇ ಚುಚ್ಚಿಕೊಂಡರು. ಆದರೆ ನನ್ನ ಅಳು ನಿಲ್ಲಲಿಲ್ಲ. ನೆಲದ ಮೇಲೆ ಉರುಳಿದೆ, ಬಿಕ್ಕಳಿಕೆ ಹತ್ತಿತು. ಮೊಗ್ಗು ಇದ್ದದ್ದು ಒಂದೇ ಜಡೆಗೆ ಆಗುವಷ್ಟು. ಅಮ್ಮ ಗೋಡೆ ಹಿಡಿದುಕೊಂಡು ನಿಧಾನವಾಗಿ ಬಂದು ಹತ್ತಿರ ಕೂತಳು.

“ಹಾಕ್ಬಿಡಿ ಅತ್ತೆ ಇವಳಿಗೇ.”

“ಏ, ಹುಚ್ಚೀ! ನಿಂಗೆ ಅಂತ ತಂದಿದ್ದಲ್ವೇ?”

“ನಾನು ಹೋದ್ಮೇಲೆ ಎಷ್ಟು ದಿನ ಅಳುತ್ತೋ ಇದು. ಇವತ್ತೊಂದಿನ ನಗ್ಲಿ. ನಂದೇನು, ಮಗು ಎತ್ಕೊಂಡ್ ಬಂದ್ಮೇಲೆ ಎಲ್ಲರೂ ಒಟ್ಟಿಗೆ ತೆಗೆಸ್ಕೊಂಡ್ರಾಯ್ತು.”

ಹೀಗೆ ಜಡೆ ನನಗೆ ಬಂತು. ನನ್ನ ಗಿಡ್ಡ ಕೂದಲಿಗೆ ಚೌರಿ ಕಟ್ಟಿ, ಅದರ ಮೇಲೆ ಮೊಗ್ಗಿನ ಪಟ್ಟೆಯನ್ನು ಬಿಗಿದರು. ತಲೆ ಹಿಂದಕ್ಕೆ ಜಗ್ಗುತ್ತಿತ್ತು. ಅಜ್ಜ ಹೊರಗಿನಿಂದ ಮೂರು ಸಲ ಕೂಗಿದರು, “ಬಸ್ಸು ಒಂಟೋಯ್ತದೆ ಕಣವ್ವೋ!”

ಸ್ಟುಡಿಯೋ ಬಸವನಗುಡಿ ಕಡೆ ಹೋಗುವ ರಸ್ತೆಯಲ್ಲಿತ್ತು. ನಾನು, ಅಮ್ಮ, ಅಕ್ಕ ಮೂವರೇ ಹೋದೆವು. ಒಳಗೆ ಕತ್ತಲೆ, ಕರ್ಪೂರದ ಹಾಗೆ ಏನೋ ವಾಸನೆ. ತೋಟದ ಚಿತ್ರ ಬರೆದ ಪರದೆ, ಆಳೆತ್ತರದ ಕನ್ನಡಿ, ಅದರ ಮುಂದೆ ತಿರುಗುವ ಸ್ಟೂಲು. ನನ್ನನ್ನು ಅದರ ಮೇಲೆ ಕೂರಿಸಿದಾಗ ಸ್ಟೂಲು ಕಿರ್ರೆಂದು ಅರ್ಧ ಸುತ್ತು ತಿರುಗಿತು. ಬೀಳುತ್ತೇನೆಂದು ಕಿರುಚಿದೆ. ಅಮ್ಮ ಬಂದು ಮೊಣಕೈ ಹಿಡಿದುಕೊಂಡಳು.

ಫೋಟೋ ತೆಗೆಯುವವರು ಕಪ್ಪು ಬಟ್ಟೆಯೊಳಗಿನಿಂದಲೇ ಹೇಳಿದರು, “ತಾಯಿ, ಸ್ವಲ್ಪ ಸರ್ಕೊಳ್ಳಿ. ನೀವು ಕನ್ನಡೀಲಿ ಬೀಳ್ತಾ ಇದೀರಿ.”

ಅಮ್ಮ ಸರಿದಳು.

“ಇನ್ನೂ ಸ್ವಲ್ಪ.”

ಅಮ್ಮ ಇನ್ನೂ ಸ್ವಲ್ಪ ಸರಿದು, ಕೈ ಮಾತ್ರ ಚಾಚಿ ನನ್ನ ಮೊಣಕೈ ಹಿಡಿದುಕೊಂಡೇ ಇದ್ದಳು. ಬೆಳಕು ಚಕ್ಕನೆ ಹೊಡೆಯಿತು. ಅವರು ಬಟ್ಟೆಯಿಂದ ತಲೆ ಹೊರಗೆ ತೆಗೆದು, “ನಿಮ್ದೂ ಒಂದು ತೆಗೀಲಾ ತಾಯಿ, ಕೂತ್ಕೊಳ್ಳಿ,” ಎಂದರು. ಅಮ್ಮ ಒಂದು ಕ್ಷಣ ಸ್ಟೂಲನ್ನು ನೋಡಿದಳಂತೆ. ಆಮೇಲೆ, “ಬಸ್ಸಿಗೆ ಹೊತ್ತಾಯ್ತು,” ಎಂದಳಂತೆ. ಇದು ಅಕ್ಕ ಹೇಳಿದ್ದು. ನನಗೆ ಗೊತ್ತಿಲ್ಲ, ನಾನು ಕನ್ನಡಿಯಲ್ಲಿ ನನ್ನ ಜಡೆ ನೋಡಿಕೊಳ್ಳುತ್ತಿದ್ದೆ.

ಮಾರ್ಕೆಟ್ಟಿನ ಹತ್ತಿರ ಬಸ್ಸು ನಿಂತಿತ್ತು. ಅಮ್ಮನಿಗೆ ಒತ್ತಾಸೆಗಿರಲಿ ಎಂದು ಅಕ್ಕನೂ ಜೊತೆಗೆ ಹೊರಟಳು. ನಾನು ಅಪ್ಪನ ಹತ್ತಿರ, ಅತ್ತೆಯ ಹತ್ತಿರ. ಅಮ್ಮ ಕಿಟಕಿಯ ಪಕ್ಕ ಕೂತು ಕೈ ಹೊರಗೆ ಚಾಚಿದಳು. ಹಸಿರು ಬಳೆಗಳು ಕಿಟಕಿಯ ಕಂಬಿಗೆ ತಾಗಿದ ಸದ್ದು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ. ಅವಳು ಏನೋ ಹೇಳಿದಳು. ನಾನು ಜಡೆಯನ್ನು ಭುಜದ ಮೇಲಿಂದ ಮುಂದಕ್ಕೆ ಹಾಕಿಕೊಂಡು, ಯಾವ ಮೊಗ್ಗು ಅರಳಿದೆ ಎಂದು ನೋಡುತ್ತಿದ್ದೆ. ತಲೆ ಎತ್ತುವಷ್ಟರಲ್ಲಿ ಬಸ್ಸು ಹೊರಟಿತ್ತು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಹತ್ತು ಹನ್ನೆರಡು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಊರಿನಲ್ಲಿ ಅಮ್ಮನಿಗೆ ನೋವು ಬಂತು. ಸೂಲಗಿತ್ತಿ ಒಳ್ಳೆಯ ಹೆಂಗಸು, ಕೈ ಪಳಗಿದವಳು. ಸ್ವಲ್ಪ ಹೊತ್ತಿನಲ್ಲೇ ಹೊರಗೆ ಬಂದು, “ಇದು ನನ್ನ ಕೈಲಾಗೋದಲ್ಲ, ಬೆಂಗ್ಳೂರಿಗೆ ಕರ್ಕೊಂಡೋಗಿ,” ಎಂದಳಂತೆ. ಗಾಡಿಯಲ್ಲಿ ಹುಲ್ಲು ಹಾಸಿ ಅಮ್ಮನನ್ನು ಮಲಗಿಸಿದರು. ಅಕ್ಕ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಮಾಗಡಿ ರಸ್ತೆಗೆ ಬಂದಾಗ ಬಸ್ಸು ಹೋಗಿಯಾಗಿತ್ತು, ಇನ್ನೊಂದು ಬಸ್ಸು ಮಧ್ಯಾಹ್ನಕ್ಕೆ. ಅಲ್ಲೇ ಒಂದು ಹೊಂಗೆ ಮರದ ನೆರಳಿನಲ್ಲಿ ಗಾಡಿ ನಿಲ್ಲಿಸಿಕೊಂಡು ಕಾದರು. ಬಸ್ಸು ಬಂತು. ಅಷ್ಟರಲ್ಲಿ ಅಮ್ಮ ಹೋಗಿದ್ದಳು. ಮಗುವೂ ಉಳಿಯಲಿಲ್ಲ.

ಅವಳನ್ನು ಕರೆತರಬೇಕೆಂದು ಹೊರಟ ದೊಡ್ಡಾಸ್ಪತ್ರೆ ನಮ್ಮ ವಠಾರದಿಂದ ಹತ್ತು ನಿಮಿಷದ ನಡಿಗೆ.

ಅದೇ ವಾರ ಅಪ್ಪ ಸ್ಟುಡಿಯೋದಿಂದ ಫೋಟೋ ತಂದರು. ಪೆಟ್ಟಿಗೆಯ ತಳದಲ್ಲಿಟ್ಟರು. ಎಷ್ಟೋ ವರ್ಷ ಅದು ಹೊರಗೆ ಬರಲಿಲ್ಲ.

ಒಂದು ತಿಂಗಳ ಮೇಲೆ ಅಜ್ಜ ಚಾಮರಾಜಪೇಟೆಗೆ ಬಂದರು. ಮನೆಯೊಳಗೆ ಬರಲಿಲ್ಲ, ಜಗಲಿಯ ಮೇಲೆ ಕೂತರು. ಹಣೆಯಲ್ಲಿ ವಿಭೂತಿ ಇರಲಿಲ್ಲ. ಅತ್ತೆ ಕೊಟ್ಟ ನೀರನ್ನೂ ಮುಟ್ಟಲಿಲ್ಲ.

“ನೀವು ಅವತ್ತು ಯೋಳಿದ್ರಿ,” ಎಂದರು ಅಪ್ಪನಿಗೆ.

ಅಪ್ಪ ಜಗಲಿಯ ಇನ್ನೊಂದು ತುದಿಯಲ್ಲಿ ಕೂತರು.

“ಆ ಕೋಣೆಗೆ ಬೀಗ ಹಾಕಿವ್ನಿ. ತೆಗೆಯಾಕೆ ನಂಗೆ ಕೈ ಬರಲ್ಲ. ನಿಮ್ ಡಾಕ್ಟ್ರು ವಾರಕ್ಕೊಂದ್ ದಪ ಬಂದು ಅಲ್ಲಿ ಕುಂತ್ಕತಾರಾ, ಕೇಳಿ. ಅವರ ಕೈಲೇ ತೆಗೆಸ್ತೀನಿ.”

ಡಾಕ್ಟರು ಬೇಡ ಅನ್ನಲಿಲ್ಲ. ಹೀಗೆ ಪ್ರತಿ ಭಾನುವಾರ ಬೆಳಿಗ್ಗೆಯ ಬಸ್ಸಿನಲ್ಲಿ ಡಾಕ್ಟರು, ಅಪ್ಪ, ನಾವಿಬ್ಬರು ಮತ್ತು ಔಷಧಿಯ ಒಂದು ಟ್ರಂಕು ಅಜ್ಜನ ಹಳ್ಳಿಗೆ ಹೋಗತೊಡಗಿದೆವು. ಬಾಣಂತಿ ಕೋಣೆಯ ಬೀಗವನ್ನು ಡಾಕ್ಟರೇ ತೆಗೆದರು. ಒಳಗೆ ಹಗ್ಗದ ಮಂಚ ಹಾಗೇ ಇತ್ತು. ಅದನ್ನು ಯಾರೂ ಹೊರಗೆ ಹಾಕಲಿಲ್ಲ. ಅದರ ಮೇಲೆ ಬಿಳಿಯ ಬಟ್ಟೆ ಹಾಸಿ, ಕಾಯಿಲೆಯವರನ್ನು ಮಲಗಿಸಿ ನೋಡುವುದೆಂದಾಯಿತು.

ಆದರೆ ಕಾಯಿಲೆಯವರು ಬರಬೇಕಲ್ಲ? ತುಂಬು ಬಸುರಿ ನೋವು ತಿಂದು ಹೋದ ಕೋಣೆ ಎಂದು ಜನ ಹೊಸ್ತಿಲು ತುಳಿಯಲು ಹೆದರಿದರು. ಮೊದಲ ಭಾನುವಾರ ಯಾರೂ ಇಲ್ಲ. ಎರಡನೆಯ ಭಾನುವಾರ ಅಜ್ಜನೇ ಹೋಗಿ ಮಂಚದ ಮೇಲೆ ಕೂತು, ಎಲ್ಲರಿಗೂ ಕಾಣುವ ಹಾಗೆ ಬಾಗಿಲು ತೆರೆದಿಟ್ಟು, ನಾಲಗೆ ಚಾಚಿದರು. ಆಮೇಲೆ ವಾರ ವಾರವೂ ಅದೇ.

“ಏನ್ ಯಜಮಾನ್ರೇ,” ಎಂದರು ಡಾಕ್ಟರು ಒಂದು ಸಲ, “ಹೋದ ವಾರ ಮಂಡಿ, ಈ ವಾರ ಕಿವಿ. ಮುಂದಿನ ವಾರ ಏನು ನೋಯುತ್ತೆ?”

“ಜನ ಬರೋಗಂಟ ಏನಾರಾ ನೋಯ್ತಾ ಇರ್ತದೆ ಸ್ವಾಮಿ,” ಎಂದರು ಅಜ್ಜ.

ಜನ ನಿಧಾನವಾಗಿ ಬಂದರು. ಮೊದಲು ಮಕ್ಕಳು, ಆಮೇಲೆ ಮುದುಕರು, ಕೊನೆಗೆ ಹೆಂಗಸರು. ಬಂದವರಲ್ಲೂ ಒಂದು ಪೇಚಾಟ ಇತ್ತು. ಔಷಧಿಯ ಬಾಟಲಿಯನ್ನು ಮನೆಗೆ ಒಯ್ದು ದೇವರ ಗೂಡಿನಲ್ಲಿಟ್ಟುಬಿಡುತ್ತಿದ್ದರು. ಬೆಳಿಗ್ಗೆ ಪೂಜೆ ಮುಗಿದ ಮೇಲೆ ತೀರ್ಥದ ಹಾಗೆ ಮನೆಯವರಿಗೆಲ್ಲ ಒಂದೊಂದು ಉದ್ಧರಣೆ! ಕೆಮ್ಮು ಒಬ್ಬನಿಗೆ, ಔಷಧಿ ಏಳು ಜನಕ್ಕೆ. ಅಪ್ಪ ಎಷ್ಟು ಹೇಳಿದರೂ, “ಒಬ್ಬನೇ ಕುಡುದ್ರೆ ಸ್ವಾರ್ಥ ಆಗಲ್ವಾ ಸ್ವಾಮಿ?” ಎಂದು ಕೇಳುತ್ತಿದ್ದರು. ಕೊನೆಗೆ ಅಕ್ಕ ಒಂದು ದಾರಿ ಹುಡುಕಿದಳು. ಪಟ್ಟಿ ಕತ್ತರಿಸುವಾಗ ಅದರ ತುದಿಯನ್ನು ಕಾಯಿಲೆಯವರ ಗುರುತಿಗೆ ತಕ್ಕ ಹಾಗೆ ಕತ್ತರಿಸಿದಳು. ಮಗುವಿನದಾದರೆ ಒಂದು ಪುಟ್ಟ ಬೊಂಬೆ, ಮುದುಕನದಾದರೆ ಕೋಲು ಹಿಡಿದ ಬೊಂಬೆ, ಹೆಂಗಸಿನದಾದರೆ ಜಡೆಯ ಬೊಂಬೆ. ಬೊಂಬೆ ಯಾರದೋ ಬಾಟಲಿ ಅವರದು. ಓದಲು ಬಾರದವರಿಗೂ ಅದು ತಿಳಿಯಿತು. ಹನ್ನೆರಡು ವರ್ಷದ ಹುಡುಗಿ ಮಾತು ಕಡಿಮೆ ಮಾಡಿಬಿಟ್ಟಿದ್ದಳು, ಕತ್ತರಿ ಮಾತ್ರ ಕೈಯಲ್ಲಿ ಓಡುತ್ತಿತ್ತು.

ಒಂದು ಕೋಣೆ ಸಾಲದಾಯಿತು. ಅಜ್ಜ ಪಡಸಾಲೆಯನ್ನೂ ಬಿಟ್ಟುಕೊಟ್ಟರು. ಅದೂ ಸಾಲದಾದಾಗ ಕೊಟ್ಟಿಗೆಯ ದನಗಳನ್ನು ಚಪ್ಪರಕ್ಕೆ ಕಟ್ಟಿ, ಕೊಟ್ಟಿಗೆಗೆ ಸುಣ್ಣ ಹೊಡೆದರು. ಊರಿನ ಕಲ್ಲುಕುಟಿಗರು ಚಪ್ಪಡಿ ಕೊಟ್ಟರು, ಬಡಗಿ ತನ್ನ ಮನೆಗೆಂದು ಮಾಡಿಟ್ಟಿದ್ದ ಬಾಗಿಲನ್ನು ತಂದು ನಿಲ್ಲಿಸಿದ. ಸುತ್ತಲಿನ ಹಳ್ಳಿಗಳ ಹೆಂಗಸರು ಹಿಟ್ಟು ಕಲಸುವ ಮುಂಚೆ ಒಂದೊಂದು ಹಿಡಿ ರಾಗಿ ಹಿಟ್ಟನ್ನು ಬೇರೆ ಮಡಕೆಗೆ ಹಾಕಿಡತೊಡಗಿದರು. ಶನಿವಾರ ಆ ಮಡಕೆಗಳು ಅಜ್ಜನ ಮನೆಗೆ ಬರುತ್ತಿದ್ದವು. ಕಾಯಿಲೆಯವರ ಜೊತೆ ದೂರದಿಂದ ಬಂದವರಿಗೆ ಅದರಲ್ಲೇ ಮುದ್ದೆ. ಈಗಲೂ ಆಸ್ಪತ್ರೆಯ ಅಡುಗೆ ಮನೆಗೆ ಹಿಡಿಹಿಟ್ಟಿನ ಮನೆ ಎಂದೇ ಹೆಸರು.

ಅಕ್ಕ ಓದು ಮುಗಿಸಿದ ಮೇಲೆ ಸೂಲಗಿತ್ತಿಯ ಕೆಲಸ ಕಲಿಯಲು ಹೊರಟಳು. ಕಲಿತದ್ದು ಅದೇ ದೊಡ್ಡಾಸ್ಪತ್ರೆಯಲ್ಲಿ. ದಿನಾ ಹತ್ತು ನಿಮಿಷ ನಡೆದು ಹೋಗಿ ಬರುತ್ತಿದ್ದಳು. ಕಲಿತಾದ ಮೇಲೆ ಊರಿಗೆ ಹೋದವಳು ಅಲ್ಲೇ ಉಳಿದಳು. ಅಮ್ಮನ ಹೆರಿಗೆಗೆ ಬಂದಿದ್ದ ಸೂಲಗಿತ್ತಿ ಆಗ ಮುದುಕಿ. ಅವಳನ್ನು ಯಾರೂ ಕರೆಯುತ್ತಿರಲಿಲ್ಲ, ಅವಳೂ ಮನೆಯಿಂದ ಹೊರಗೆ ಬರುತ್ತಿರಲಿಲ್ಲ. ಅಕ್ಕ ಹೋಗಿ ಕೈ ಹಿಡಿದು ಕರೆತಂದು, ಸೋಪಿನಲ್ಲಿ ಮೊಣಕೈವರೆಗೆ ತೊಳೆಯುವುದನ್ನು ಕಲಿಸಿ, ಹುಟ್ಟಿದ ಕೂಸುಗಳಿಗೆ ಸ್ನಾನ ಮಾಡಿಸುವ ಕೆಲಸ ಕೊಟ್ಟಳು. ಮುದುಕಿ ಮೊದಲ ದಿನ ಅತ್ತಳಂತೆ. “ಅಳೋದಾದ್ರೆ ಆಚೆ ಹೋಗಿ ಅಳಿ. ಕೂಸಿನ ಮೇಲೆ ಕಣ್ಣೀರು ಬೀಳಿಸ್ಬೇಡಿ,” ಎಂದಳಂತೆ ಅಕ್ಕ.

ನಾನು ಮದುವೆಯಾಗಿ ಹನುಮಂತನಗರಕ್ಕೆ ಬಂದೆ. ವರ್ಷಕ್ಕೆ ಒಂದೆರಡು ಸಲ ಊರಿಗೆ ಹೋದಾಗ ಆಸ್ಪತ್ರೆ ಒಂದಿಷ್ಟು ಬೆಳೆದಿರುತ್ತಿತ್ತು. ಒಂದು ವರ್ಷ ಬಾವಿ, ಒಂದು ವರ್ಷ ಕರೆಂಟು, ಒಂದು ವರ್ಷ ಜೀಪು. ಜೀಪು ಬಂದ ದಿನ ಅಕ್ಕ ಅದರಲ್ಲಿ ಕೂತು ಮಾಗಡಿ ರಸ್ತೆಯ ಆ ಹೊಂಗೆ ಮರದವರೆಗೆ ಹೋಗಿ ಬಂದಳು. ಎಷ್ಟು ನಿಮಿಷ ಆಗುತ್ತದೆ ಎಂದು ನೋಡಲು ಅಂದಳು. ಎಷ್ಟಾಯಿತೆಂದು ಯಾರಿಗೂ ಹೇಳಲಿಲ್ಲ.

ನಾನೊಮ್ಮೆ ಬೇಸರದಲ್ಲಿ ಕೇಳಿದ್ದೆ. “ಈಗ್ಲೂ ಬೆಂಗ್ಳೂರಿಂದ ಹೆರಿಗೆಗೆ ಅಂತ ತವರಿಗೆ ಬರ್ತಾರಲ್ಲಕ್ಕ. ಬೇಡ ಅಂತ ನೀನಾದ್ರೂ ಹೇಳ್ಬಾರ್ದಾ?”

ಅಕ್ಕ ಸೀರೆಗಳನ್ನು ಮಡಿಸುತ್ತಿದ್ದಳು. ತಲೆ ಎತ್ತಲಿಲ್ಲ. “ಹೆಣ್ಮಕ್ಳಿಗೆ ನೋವಾದಾಗ ಅಮ್ಮನ ಮನೆ ನೆನಪಾಗುತ್ತೆ ಕಣೆ. ಅದನ್ನ ನಿಲ್ಲಿಸೋಕಾಗುತ್ತಾ? ಬಂದೋರಿಗೆ ಬೇಕಾದ್ದು ಇಲ್ಲಿರ್ಬೇಕು, ಅಷ್ಟೇ.”

ಇನ್ನೊಂದು ಸಲ, ಅಪ್ಪ ತೀರಿಕೊಂಡ ಮೇಲೆ, ಪೆಟ್ಟಿಗೆಯ ತಳದಿಂದ ಆ ಫೋಟೋ ತೆಗೆದೆವು. ಸ್ಟೂಲಿನ ಮೇಲೆ ನಾನು. ಕನ್ನಡಿಯಲ್ಲಿ ನನ್ನ ಜಡೆ. ಎಡಗಡೆ ಅಂಚಿನಲ್ಲಿ, ನನ್ನ ಮೊಣಕೈ ಹಿಡಿದುಕೊಂಡ ಒಂದು ಕೈ, ಮುಂಗೈ ತುಂಬ ಬಳೆ. ಅಲ್ಲಿಗೆ ಪಟ ಮುಗಿಯುತ್ತದೆ.

“ನಾನು ಅವತ್ತು ಅಳದೇ ಇದ್ದಿದ್ರೆ,” ಎಂದೆ.

“ಅದಕ್ಕಲ್ಲ ಬಿಡು,” ಎಂದಳು ಅಕ್ಕ. “ಅಮ್ಮಂಗೆ ಫೋಟೋ ಅಂದ್ರೆ ನಾಚಿಕೆ. ಹೇಗೂ ತೆಗೆಸ್ಕೋತಿರಲಿಲ್ಲ.”

ಅಕ್ಕ ಸುಳ್ಳು ಹೇಳಿದ್ದು ಬಹಳ ಕಡಿಮೆ. ಅಂಥ ಸುಳ್ಳುಗಳಲ್ಲಿ ಅದು ಒಂದು.

ವಯಸ್ಸಾದ ಮೇಲೆ ಅಕ್ಕ ನಮ್ಮ ಮನೆಗೆ ಬಂದಳು. ಆಗ ನಾನು ಗಾಂಧಿ ಬಜಾರಿನ ಹತ್ತಿರ ಇದ್ದ ಒಬ್ಬ ಚಿತ್ರ ಬರೆಯುವವರನ್ನು ಮನೆಗೆ ಕರೆಸಿದೆ. ಅಕ್ಕ ಹೇಳಿದ ಹಾಗೆ ಅವರು ಅಮ್ಮನನ್ನು ಬರೆದರು. ಎಡ ಹುಬ್ಬಿನ ಮೇಲೆ ಸಣ್ಣ ಗಾಯದ ಗುರುತು, ಕೆನ್ನೆಯ ಹತ್ತಿರ ಬಾಗಿದ ಕೂದಲು. ಅಕ್ಕ ಕನ್ನಡಕ ಹಾಕಿಕೊಂಡು ನೋಡಿ, “ಇದಲ್ಲ,” ಎಂದಳು. ಅವರು ತಿದ್ದಿ ತಂದರು. “ಇದೂ ಅಲ್ಲ.” ಮೂರನೆಯ ಸಲವೂ ಅದೇ. ನನಗೆ ರೇಗಿತು.

“ಹಾಗಾದ್ರೆ ಹೇಗಿದ್ಲು ಅಂತ ಸರಿಯಾಗಿ ಹೇಳು!”

“ಹೇಳೋಕೆ ಬರಲ್ಲ ಕಣೆ,” ಎಂದಳು. “ಎದುರಿಗೆ ಬಂದ್ರೆ ಗುರ್ತು ಹಿಡೀತೀನಿ.”

ಈಗ ಅದು ನೀವೆಲ್ಲ ನೋಡಿರುವ ಆಸ್ಪತ್ರೆ. ಲಿಫ್ಟು ಇದೆ, ಸ್ಕ್ಯಾನಿಂಗ್ ಇದೆ, ಯಾವ ಹೊತ್ತಿನಲ್ಲಿ ಹೋದರೂ ಒಬ್ಬ ಡಾಕ್ಟರು ಇರುತ್ತಾರೆ. ನಿಮ್ಮಿಬ್ಬರನ್ನೂ ನಿಮ್ಮಮ್ಮ ಹೆತ್ತದ್ದು ಅಲ್ಲೇ. ಮುಂಬಾಗಿಲ ಹತ್ತಿರ ಗೋಡೆಯ ಮೇಲೆ ಸಾಲಾಗಿ ಫೋಟೋಗಳಿವೆ. ಡಾಕ್ಟರದು, ಅಜ್ಜನದು, ಅಪ್ಪನದು. ಹೋದ ತಿಂಗಳಿನಿಂದ ಅಕ್ಕನದೂ. ಮೊನ್ನೆ ಅಲ್ಲಿಯ ಚಿಕ್ಕ ವಯಸ್ಸಿನ ಡಾಕ್ಟರಮ್ಮ ನಮ್ಮ ಮನೆಗೆ ಬಂದಿದ್ದರು, ನೆನಪಿದೆಯಲ್ಲ? ಹಳೆಯ ಬಾಣಂತಿ ಕೋಣೆಯನ್ನು ಹಾಗೇ ಉಳಿಸಿಕೊಂಡು, ಅದಕ್ಕೆ ಸೇರಿಸಿ ಹೊಸ ಹೆರಿಗೆ ವಾರ್ಡು ಕಟ್ಟಿದ್ದಾರಂತೆ. “ಆ ಕೋಣೇಲಿ ನಿಮ್ಮ ಅಮ್ಮನ ಫೋಟೋ ಇರ್ಬೇಕು ಅಂತ ನಮಗೆಲ್ಲ ಆಸೆ. ಎಷ್ಟು ಹಳೇದಾದ್ರೂ ಪರವಾಗಿಲ್ಲ, ಒಂದು ಕೊಡಿ ಅಮ್ಮ,” ಎಂದರು. ಒಂದು ಮೊಳೆಯನ್ನೂ ಹೊಡೆಸಿಟ್ಟಿದ್ದಾರಂತೆ.

ಅವರು ಹೋದ ಮೇಲೆ ನಾನು ಅಕ್ಕನ ಟ್ರಂಕನ್ನು ಪೂರ್ತಿ ತೆಗೆದು ನೋಡಿದೆ. ಸೀರೆಗಳು, ಕತ್ತರಿ, ಒಂದು ಕಟ್ಟು ಪಟ್ಟಿಗಳು. ಅಮ್ಮನದು ಏನೂ ಇರಲಿಲ್ಲ.

ನೀವು ಹುಟ್ಟಿ ಒಂದು ಗಂಟೆ ಆಗುವ ಮೊದಲೇ ನಿಮ್ಮ ಫೋಟೋ ನನ್ನ ಫೋನಿಗೆ ಬಂದಿತ್ತು. ನೀವು ಊಟ ಮಾಡಿದ್ದು, ಬಿದ್ದದ್ದು, ಅತ್ತದ್ದು ಎಲ್ಲವೂ ಅದರಲ್ಲಿದೆ. ಜಾಗ ಸಾಲದು ಎಂದು ವಾರಕ್ಕೊಮ್ಮೆ ನೀವೇ ಅಳಿಸುತ್ತೀರಿ. ನೀವು ಅಳಿಸುವಾಗ ನಾನು ನೋಡುತ್ತಾ ಕೂತಿರುತ್ತೇನೆ.

ಟ್ರಂಕಿನ ಮುಂದೆ ನಾನು ಕೂತಿದ್ದನ್ನು ನೋಡಿ, ಪುಟ್ಟಾ, ನೀನು ಬಂದೆ. “ಅಜ್ಜೀ, ನಿನ್ನ ಫೋಟೋ, ದೊಡ್ಡಜ್ಜಿ ಫೋಟೋ ಎರಡೂ ಹಾಕಿದ್ರೆ ಫೋನೇ ಮುತ್ತಜ್ಜಿ ಮುಖ ಮಾಡ್ಕೊಡುತ್ತೆ,” ಎಂದೆ. ಹುಬ್ಬಿನ ಮೇಲಿನ ಗಾಯ, ಕೂದಲು, ಹಸಿರು ಬಳೆ ಎಲ್ಲವನ್ನೂ ನಾನು ಹೇಳಿದೆ. ಸ್ವಲ್ಪ ಹೊತ್ತಿನಲ್ಲೇ ಫೋನಿನಲ್ಲಿ ಒಬ್ಬಳು ಹೆಂಗಸು ಬಂದಳು. ಕೆನ್ನೆಯ ಹತ್ತಿರ ಬಾಗಿದ ಕೂದಲು, ನನ್ನದೇ ಮೂಗು, ಕೈತುಂಬ ಹಸಿರು ಬಳೆ, ಮೊಗ್ಗಿನ ಜಡೆ ಕೂಡ ಇತ್ತು. ಚೆನ್ನಾಗಿದ್ದಳು. “ಹೀಗೇ ಇದ್ರಾ ಅಜ್ಜಿ?” ಎಂದು ನೀನು ಕೇಳಿದೆ. ಅಕ್ಕನನ್ನು ಕೇಳೋಣ ಎಂದು ಅವಳ ಮಂಚದ ಕಡೆ ತಿರುಗಿದೆ.

ನಾಡಿದ್ದು ವಾರ್ಡಿನ ಬಾಗಿಲು ತೆರೆಯುತ್ತಾರೆ. ಮೊಗ್ಗಿನ ಜಡೆಯ ನನ್ನ ಫೋಟೋವನ್ನೇ ಕಳಿಸುತ್ತಿದ್ದೇನೆ. ಅದರಲ್ಲಿ ಆ ಕೈ ಇದೆ. ಫೋನು ಮಾಡಿಕೊಟ್ಟ ಮುಖವನ್ನು ಕಳಿಸುತ್ತಿಲ್ಲ. ಅದು ಹೌದೋ ಅಲ್ಲವೋ ಎಂದು ಹೇಳುವುದಕ್ಕೆ ಅಮ್ಮನ ಮುಖ ನೆನಪಿರುವವರು ಈಗ ಯಾರೂ ಇಲ್ಲ.